ಚಾರ್ಜರ್ ಕೊಳ್ಳುವಾಗ ನಂಬರ್ ನೋಡಿದಿರಾ?

ಹೂವಿನಹಡಗಲಿಯ ಹೆಂಗಸರಿಗೆ ಮಲ್ಲಿಗೆ ಕೊಳ್ಳುವುದನ್ನು ಯಾರೂ ಕಲಿಸಬೇಕಿಲ್ಲ. ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿದ ಕೂಡಲೇ ಇದು ಇವತ್ತಿನ ಮೊಗ್ಗೋ, ನಿನ್ನೆ ಉಳಿದದ್ದೋ ಅಂತ ಕಣ್ಣು ಹೇಳುತ್ತೆ. ಕಟ್ಟು ಸಡಿಲವಾಗಿದ್ದರೆ ಕೈ ಹೇಳುತ್ತೆ. ಮೊಳ ಹಾಕುವಾಗ ಮಾರುವವಳು ಸ್ವಲ್ಪ ಕೈ ಮಡಚಿದರೂ 'ಏನವ್ವಾ, ಇಷ್ಟೇನಾ ನಿನ್ನ ಮೊಳ?' ಅಂತ ನಾವೇ ಜಗಳ ತೆಗೀತೀವಿ. ಬೇಳೆ, ಬೆಲ್ಲ, ಸೀರೆ ಎಲ್ಲದರಲ್ಲೂ ಇದೇ ಜಾಣತನ. ಆದರೆ ಅದೇ ನಾವು ಮೊಬೈಲ್ ಅಂಗಡಿ ಮುಂದೆ ನಿಂತು 'ಒಂದು ಚಾರ್ಜರ್ ಕೊಡಪ್ಪ' ಅಂದಾಗ ಏನು ನೋಡುತ್ತೇವೆ ಹೇಳಿ? ಪಿನ್ ಕೂಡುತ್ತಾ ನೋಡ್ತೀವಿ, ರೇಟು ಕೇಳ್ತೀವಿ, ಮುಗೀತು.

ತಪ್ಪು ನಮ್ಮದಲ್ಲ ಬಿಡಿ. ಚಾರ್ಜರನ್ನು ಮೂಸಿ ನೋಡಿದರೆ ಏನೂ ಗೊತ್ತಾಗದು. ಬಿಳಿ ಪ್ಲಾಸ್ಟಿಕ್ಕಿನ ಆ ಪುಟ್ಟ ಡಬ್ಬಿಯೊಳಗೆ ಏನಿದೆ ಅಂತ ಕೊಳ್ಳುವ ನಮಗೂ ಕಾಣದು, ಮಾರುವ ಹುಡುಗನಿಗೂ ಕಾಣದು. ಕಣ್ಣಿಗೆ ಕಾಣದ ವಸ್ತುವಿಗೆ ಬೇರೆ ಯಾರಾದರೂ ಪರೀಕ್ಷೆ ಮಾಡಿ ಜಾಮೀನು ನಿಲ್ಲಬೇಕು. ಆ ಜಾಮೀನಿನ ಗುರುತು ಯಾವುದು, ಅದು ಎಲ್ಲಿರುತ್ತೆ, ಅದನ್ನು ನಂಬಬಹುದಾ ಅನ್ನೋದೇ ಈ ಹೊತ್ತಿನ ಮಾತು.

ಇದು ಈಗ ಯಾಕೆ ಮುಖ್ಯ ಅಂದ್ರೆ, ಮೊದಲೆಲ್ಲ ಫೋನ್ ಕೊಂಡರೆ ಡಬ್ಬಿಯಲ್ಲೇ ಚಾರ್ಜರ್ ಇರುತ್ತಿತ್ತು. 2020ರ ಅಕ್ಟೋಬರ್‌ನಲ್ಲಿ ಆ್ಯಪಲ್ ಕಂಪನಿ ಐಫೋನ್ 12 ತಂದಾಗ ಡಬ್ಬಿಯಿಂದ ಚಾರ್ಜರ್ ತೆಗೆದುಬಿಟ್ಟಿತು. 2021ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ದುಬಾರಿ ಫೋನ್‌ಗಳಲ್ಲಿ ಅದೇ ದಾರಿ ಹಿಡಿಯಿತು. ಹೀಗಾಗಿ ಚಾರ್ಜರ್ ಆರಿಸುವ ಕೆಲಸ ಕಂಪನಿಯ ಕೈಯಿಂದ ನಮ್ಮ ಕೈಗೆ ಬಂದಿದೆ. ಬಸ್ ಸ್ಟ್ಯಾಂಡ್ ಅಂಗಡಿಯಿಂದ ಹಿಡಿದು ಮೈಲಾರದ ಜಾತ್ರೆ, ಕೊಟ್ಟೂರಿನ ತೇರಿನವರೆಗೆ ಬಳೆ ಅಂಗಡಿಯ ಪಕ್ಕದಲ್ಲೇ ಚಾರ್ಜರ್, ಇಯರ್‌ಫೋನ್, ಪವರ್ ಬ್ಯಾಂಕ್ ತೂಗುಹಾಕಿರುತ್ತಾರೆ.

ಹೊರಗಿನ ಕಂಪನಿ ಬೇರೆ, ನಕಲಿ ಬೇರೆ

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕೋಣ. 'ಫೋನ್ ಕಂಪನಿಯದೇ ಆದರೆ ಒರಿಜಿನಲ್, ಉಳಿದದ್ದೆಲ್ಲ ಡೂಪ್ಲಿಕೇಟ್' ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಫೋನ್ ಮಾಡುವುದು ಒಬ್ಬರು, ಅದಕ್ಕೆ ಹೊಂದುವ ಚಾರ್ಜರ್ ಮಾಡುವುದು ಇನ್ನೊಬ್ಬರು ಆದರೆ ಅದನ್ನು ಥರ್ಡ್ ಪಾರ್ಟಿ ಸಾಮಾನು ಅಂತಾರೆ. ಅಡುಗೆ ಒಲೆ ಒಂದು ಕಂಪನಿಯದು, ಕುಕ್ಕರ್ ಇನ್ನೊಂದು ಕಂಪನಿಯದು ಇರೋದಿಲ್ವೇ, ಹಾಗೆ. ತನ್ನದೇ ಹೆಸರು, ತನ್ನದೇ ವಿಳಾಸ ಹಾಕಿ, ಪರೀಕ್ಷೆ ಮಾಡಿಸಿ ಮಾರುವವನು ಮರ್ಯಾದಸ್ಥ ವ್ಯಾಪಾರಿ. ಬೇರೆ ಕಂಪನಿಯ ಹೆಸರನ್ನು ಕದ್ದು ಹಾಕಿಕೊಂಡು ಮಾರುವವನು ನಕಲಿ. 'ಅಕ್ಕಾರ, ಇದು ಫಸ್ಟ್ ಕಾಪಿ ಐತ್ರಿ, ಒರಿಜಿನಲ್‌ಗೆ ಏನೂ ಕಮ್ಮಿ ಇಲ್ಲ' ಅಂತ ಅಂಗಡಿಯವನು ಹೇಳಿದರೆ ಅವನು ಪಾಪ ನಿಜವನ್ನೇ ಹೇಳುತ್ತಿದ್ದಾನೆ: ಅದು ಕಾಪಿ!

ಆ ಡಬ್ಬಿಯೊಳಗಿನ ಗೋಡೆ

ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟ್. ಸಾಧಾರಣ ಚಾರ್ಜರ್‌ನಿಂದ ಫೋನಿಗೆ ಹೋಗಬೇಕಾದದ್ದು 5 ವೋಲ್ಟ್. ಈ ಎರಡರ ನಡುವೆ ಒಂದು ಗೋಡೆ ಇರಬೇಕು. ಆಚೆಯ 230 ವೋಲ್ಟ್ ಯಾವ ಕಾರಣಕ್ಕೂ ಈಚೆ ಹಾರಬಾರದು. ಅದಕ್ಕಾಗಿ ಒಳಗಿನ ಪುಟಾಣಿ ಟ್ರಾನ್ಸ್‌ಫಾರ್ಮರ್‌ಗೆ ದಪ್ಪ ನಿರೋಧಕ ಸುತ್ತಿರಬೇಕು, ಎರಡೂ ಬದಿಯ ತಂತಿಗಳ ನಡುವೆ ಕೆಲವು ಮಿಲಿಮೀಟರ್ ಅಂತರ ಬಿಟ್ಟಿರಬೇಕು. ಪ್ರಯೋಗಾಲಯದಲ್ಲಿ ಈ ಗೋಡೆಯ ಎರಡೂ ಬದಿಗೆ 3000 ವೋಲ್ಟ್‌ನಷ್ಟು ಒತ್ತಡ ಕೊಟ್ಟು ತಾಳಿಕೊಳ್ಳುತ್ತಾ ಅಂತ ನೋಡುತ್ತಾರೆ. ಅಗ್ಗದ ನಕಲಿ ಮಾಡುವವನು ಮೊದಲು ಉಳಿಸುವುದೇ ಈ ಗೋಡೆಯ ಖರ್ಚನ್ನು, ಯಾಕಂದ್ರೆ ಅದು ಹೊರಗೆ ಕಾಣೋದಿಲ್ಲ. ಫೋನಂತೂ ಚಾರ್ಜ್ ಆಗುತ್ತಲೇ ಇರುತ್ತೆ!

ಇದು ಬರೀ ಮಾತಲ್ಲ. 2016ರಲ್ಲಿ ಯುಎಲ್ ಅನ್ನುವ ಹೆಸರಾಂತ ಪರೀಕ್ಷಾ ಸಂಸ್ಥೆ ಮಾರುಕಟ್ಟೆಯಲ್ಲಿ ಸಿಕ್ಕ 400 ನಕಲಿ ಐಫೋನ್ ಅಡಾಪ್ಟರ್‌ಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಪಾಸಾದದ್ದು ಎಷ್ಟು ಗೊತ್ತೇ? ಬರೀ 3. ಅದರಲ್ಲೂ 12 ಅಡಾಪ್ಟರ್‌ಗಳು ಮುಟ್ಟಿದವರ ಜೀವಕ್ಕೇ ಅಪಾಯ ತರುವಷ್ಟು ಕೆಟ್ಟದಾಗಿದ್ದವು. ಹೊರಗಿನಿಂದ ಅಸಲಿಗೂ ಇವಕ್ಕೂ ಅಂತಹ ವ್ಯತ್ಯಾಸವೇನೂ ಕಾಣುತ್ತಿರಲಿಲ್ಲ.

ಸರ್ಕಾರದ ಗುರುತು: ಆರ್ ನಂಬರ್

ಕುಕ್ಕರ್, ಇಸ್ತ್ರಿಪೆಟ್ಟಿಗೆಯ ಮೇಲೆ ಐಎಸ್‌ಐ ಮುದ್ರೆ ನೋಡುವುದು ನಮಗೆಲ್ಲ ರೂಢಿ. ಚಾರ್ಜರ್ ಮೇಲೆ ಅದನ್ನೇ ಹುಡುಕಿದರೆ ಸಿಗುವುದಿಲ್ಲ. ಐಎಸ್‌ಐ ಮುದ್ರೆ ಕೊಡುವ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, ಎಲೆಕ್ಟ್ರಾನಿಕ್ ಸಾಮಾನುಗಳಿಗೆ ಬೇರೆಯದೇ ಗುರುತು ಕೊಡುತ್ತದೆ. ಅದಕ್ಕೆ ಕಡ್ಡಾಯ ನೋಂದಣಿ ಯೋಜನೆ ಅಂತ ಹೆಸರು.

ಈ ಯೋಜನೆ ಹೊರಟದ್ದು 2012ರ ಕೇಂದ್ರ ಸರ್ಕಾರದ ಆದೇಶದಿಂದ. ಆಗ ಟಿ.ವಿ., ಲ್ಯಾಪ್‌ಟಾಪ್, ಮೈಕ್ರೊವೇವ್ ಒಲೆ, ಸೆಟ್‌ಟಾಪ್ ಬಾಕ್ಸ್ ಹೀಗೆ 15 ಬಗೆಯ ಸಾಮಾನುಗಳಿದ್ದವು. 2014ರ ನವೆಂಬರ್‌ನಲ್ಲಿ ಇನ್ನೂ 15 ಸೇರಿದವು. ನಮಗೆ ಬೇಕಾದದ್ದೆಲ್ಲ ಈ ಎರಡನೇ ಪಟ್ಟಿಯಲ್ಲಿದೆ: ಮೊಬೈಲ್ ಫೋನ್, ಪವರ್ ಅಡಾಪ್ಟರ್, ಬ್ಯಾಟರಿ, ಪವರ್ ಬ್ಯಾಂಕ್. 2020ರ ಆದೇಶಗಳಲ್ಲಿ ವೈರ್‌ಲೆಸ್ ಇಯರ್‌ಫೋನ್, ಬ್ಲೂಟೂತ್ ಸ್ಪೀಕರ್‌ಗಳೂ ಬಂದವು.

ಇದು ನಡೆಯುವ ಕ್ರಮ ಹೀಗೆ. ತಯಾರಕರು ತಮ್ಮ ಚಾರ್ಜರನ್ನು ಬಿಐಎಸ್ ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ಇಂತಹ ಪರೀಕ್ಷೆ ಮಾಡುವ ದೊಡ್ಡ ಸಂಸ್ಥೆಗಳು ನಮ್ಮ ಬೆಂಗಳೂರಿನಲ್ಲೇ ಇವೆ. ಅಲ್ಲಿ ಪಾಸಾದ ವರದಿಯೊಂದಿಗೆ 'ನನ್ನ ಮಾಲು ಈ ಮಾನಕಕ್ಕೆ ತಕ್ಕಂತಿದೆ' ಅಂತ ಘೋಷಣೆ ಬರೆದುಕೊಟ್ಟು ಅರ್ಜಿ ಹಾಕಬೇಕು. ಆಗ ಬಿಐಎಸ್ ಒಂದು ನೋಂದಣಿ ಸಂಖ್ಯೆ ಕೊಡುತ್ತದೆ. ಇಂಗ್ಲಿಷಿನ ಆರ್ ಅಕ್ಷರ, ಒಂದು ಅಡ್ಡಗೆರೆ, ಆಮೇಲೆ 8 ಅಂಕಿ. ಅದರ ಜೊತೆ ಮಾನಕದ ಸಂಖ್ಯೆಯೂ ಇರುತ್ತದೆ. ಅನೇಕ ಚಾರ್ಜರ್‌ಗಳ ಮೇಲೆ ಐಎಸ್ 13252 ಅಂತ, ಬ್ಯಾಟರಿಗಳ ಮೇಲೆ ಐಎಸ್ 16046 ಅಂತ ಇರುವುದನ್ನು ನೋಡಬಹುದು. ನೋಂದಣಿಗೆ ಅವಧಿ ಉಂಟು, ಕಾಲಕಾಲಕ್ಕೆ ನವೀಕರಿಸಬೇಕು. ಈ ನಂಬರ್ ಕೊಡುವುದು ಒಂದು ಕಾರ್ಖಾನೆಗೆ, ಅಲ್ಲಿ ತಯಾರಾಗುವ ಇಂಥದೇ ಸಾಮಾನಿಗೆ. ನಾಳೆ ಏನಾದರೂ ಆದರೆ ಯಾರನ್ನು ಕೇಳಬೇಕು ಅನ್ನುವುದಕ್ಕೆ ಉತ್ತರ ಆ 8 ಅಂಕಿಯಲ್ಲಿದೆ.

ನಂಬರ್‌ನಿಂದ ಏನುಪಯೋಗ ಅಂತೀರಾ? ಹಳೆಯ ನೋಕಿಯಾ ಫೋನ್ ಇಟ್ಟುಕೊಂಡಿದ್ದವರಿಗೆ 2007ರ ಆಗಸ್ಟ್ ನೆನಪಿರಬೇಕು. ಕಂಪನಿಯೇ ತನ್ನ ಬಿಎಲ್-5ಸಿ ಬ್ಯಾಟರಿ ಬಗ್ಗೆ ಎಚ್ಚರಿಕೆ ಕೊಟ್ಟಿತು. ಜಪಾನಿನ ಮತ್ಸುಶಿತಾ ಕಂಪನಿ 2005ರ ಡಿಸೆಂಬರ್‌ನಿಂದ 2006ರ ನವೆಂಬರ್ ತನಕ ಮಾಡಿಕೊಟ್ಟ 4 ಕೋಟಿ 60 ಲಕ್ಷ ಬ್ಯಾಟರಿಗಳು ಚಾರ್ಜಿಗೆ ಹಾಕಿದಾಗ ಅತಿಯಾಗಿ ಬಿಸಿಯಾಗಬಹುದು ಅಂತ ಸುದ್ದಿ. ಜನ ಫೋನಿನ ಬೆನ್ನು ಬಿಚ್ಚಿ ಬಿಚ್ಚಿ ನೋಡಿದ್ದೇ ನೋಡಿದ್ದು! ಬ್ಯಾಟರಿ ಮೇಲಿನ 26 ಅಕ್ಷರ, ಅಂಕಿಗಳ ಗುರುತನ್ನು ಕಂಪನಿಗೆ ತಿಳಿಸಿದರೆ, ಅದು ಆ ಪೈಕಿಯದೋ ಅಲ್ಲವೋ ಹೇಳಿ, ಹೌದಾದರೆ ಪುಕ್ಕಟೆ ಬದಲಿಸಿ ಕೊಡುತ್ತಿದ್ದರು. ನೋಡಿ, ಒಳ್ಳೆಯ ಕಂಪನಿಯ ಅಸಲಿ ಮಾಲೂ ಕೆಡಬಹುದು. ಆದರೆ ನಂಬರ್ ಇದ್ದವರಿಗೆ ಬದಲಿ ಸಿಕ್ಕಿತು. ಹೆಸರಿಲ್ಲದ ಬ್ಯಾಟರಿ ಹಾಕಿಸಿಕೊಂಡವರಿಗೆ ಹೇಳಿ ಕಳಿಸುವವರೂ ಇಲ್ಲ, ಬದಲಿಸಿ ಕೊಡುವವರೂ ಇಲ್ಲ.

ಫೋನ್ ಕಂಪನಿಯ ಪರವಾನಗಿ

ಇನ್ನು ಎರಡನೆಯ ಬಗೆ. ಇದು ಸರ್ಕಾರದ್ದಲ್ಲ, ಫೋನ್ ಮಾಡುವವರೇ ಕೊಡುವ ಪರವಾನಗಿ. ಇದರಲ್ಲಿ ಹೆಸರುವಾಸಿಯಾದದ್ದು ಆ್ಯಪಲ್ ಕಂಪನಿಯ ಎಂಎಫ್‌ಐ ಕಾರ್ಯಕ್ರಮ. 2005ರಲ್ಲಿ ಹಾಡು ಕೇಳುವ ಐಪಾಡ್‌ಗೆಂದು ಶುರುವಾದದ್ದು ಆಮೇಲೆ ಐಫೋನ್‌ಗೂ ಬಂತು. ಹೊರಗಿನ ತಯಾರಕರು ಆ್ಯಪಲ್‌ ಜೊತೆ ಒಪ್ಪಂದ ಮಾಡಿಕೊಂಡು, ಅದರ ಅಳತೆ ವಿವರ ಪಡೆದು, ಮಾದರಿಯನ್ನು ಪರೀಕ್ಷೆಗೆ ಕೊಟ್ಟು ಪಾಸಾದರೆ 'ಮೇಡ್ ಫಾರ್ ಐಫೋನ್' ಅನ್ನುವ ಗುರುತನ್ನು ಡಬ್ಬಿ ಮೇಲೆ ಹಾಕಬಹುದು. 2012ರಲ್ಲಿ ಬಂದ ಲೈಟ್ನಿಂಗ್ ಕೇಬಲ್‌ನ ತುದಿಯಲ್ಲಿ ಒಂದು ಚಿಕ್ಕ ಚಿಪ್ಪನ್ನೇ ಇಟ್ಟರು. ಫೋನ್ ಆ ಚಿಪ್ಪನ್ನು 'ಯಾರಪ್ಪ ನೀನು?' ಅಂತ ಕೇಳುತ್ತೆ. ಸರಿಯಾದ ಉತ್ತರ ಬರದಿದ್ದರೆ 'ಈ ಸಾಮಾನು ಹೊಂದದೇ ಇರಬಹುದು' ಅಂತ ಪರದೆ ಮೇಲೆ ತೋರಿಸಿಬಿಡುತ್ತೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಐಫೋನ್ 15ರಿಂದ ಆ್ಯಪಲ್ ಕೂಡ ಎಲ್ಲರಂತೆ ಟೈಪ್-ಸಿ ತೂತಿಗೆ ಬಂದಿದೆ. ಆದರೆ ಹಳೆಯ ಐಫೋನ್ ಇರುವ ಮನೆಗಳಲ್ಲಿ ಲೈಟ್ನಿಂಗ್ ಕೇಬಲ್ ಕೊಳ್ಳುವಾಗ ಈ ಗುರುತು ನೋಡುವುದು ಒಳ್ಳೆಯದು.

ಇಲ್ಲೊಂದು ಮಾತು ನೆನಪಿಡಿ. ಕಂಪನಿಯ ಪರವಾನಗಿಯಿಂದ 'ಈ ಸಾಮಾನು ನಮ್ಮ ಫೋನಿಗೆ ಹೊಂದುತ್ತೆ' ಅಂತ ಗೊತ್ತಾಗುತ್ತೆ. ನಮ್ಮ ದೇಶದ ಕಾನೂನು ಕೇಳುವ ಸುರಕ್ಷತೆಯ ಗುರುತು ಆರ್ ನಂಬರೇ. ಒಂದಿದೆ ಅಂತ ಇನ್ನೊಂದು ಬೇಡ ಅನ್ನುವ ಹಾಗಿಲ್ಲ.

ಒಕ್ಕೂಟಗಳ ಮುದ್ರೆ

ಮೂರನೆಯದು, ನೂರಾರು ಕಂಪನಿಗಳು ಸೇರಿ ಕಟ್ಟಿಕೊಂಡ ಒಕ್ಕೂಟಗಳು ಕೊಡುವ ಮುದ್ರೆ. ಯುಎಸ್‌ಬಿ ಕೇಬಲ್‌ಗೆ ಯುಎಸ್‌ಬಿ ಇಂಪ್ಲಿಮೆಂಟರ್ಸ್ ಫೋರಂ ಇದೆ. ಅವರ ಪರೀಕ್ಷೆ ಪಾಸಾದ ಟೈಪ್-ಸಿ ಕೇಬಲ್‌ನ ಗುರುತಿನಲ್ಲಿ 60 ವಾಟ್ ಅಥವಾ 240 ವಾಟ್ ಅಂತ ಎಷ್ಟು ವಿದ್ಯುತ್ ತಾಳುತ್ತೆ ಅನ್ನುವುದೂ ಇರುತ್ತದೆ. ವೈರ್ ಇಲ್ಲದೆ ತಟ್ಟೆ ಮೇಲಿಟ್ಟು ಚಾರ್ಜ್ ಮಾಡುವ ಸಾಮಾನಿಗೆ ಇನ್ನೊಂದು ಒಕ್ಕೂಟದ ಮುದ್ರೆ ಉಂಟು. ಅದರ ಹೆಸರು 'ಚೀ'. ನಗಬೇಡಿ, ಉಚ್ಚಾರಣೆಯೇ ಹಾಗೆ!

ಕೇಬಲ್ ಅಂದ್ರೆ ಬರೀ ವೈರ್ ತಾನೇ, ಅದಕ್ಯಾಕೆ ಪರೀಕ್ಷೆ ಅನ್ನಿಸಬಹುದು. ಟೈಪ್-ಸಿ ಹೊಸದಾಗಿ ಬಂದ 2015ರಲ್ಲಿ ಗೂಗಲ್ ಕಂಪನಿಯ ಇಂಜಿನಿಯರ್ ಬೆನ್ಸನ್ ಲ್ಯೂಂಗ್ ಅಮೆಜಾನ್‌ನಲ್ಲಿ ಮಾರುತ್ತಿದ್ದ ಕೇಬಲ್‌ಗಳನ್ನು ಒಂದೊಂದಾಗಿ ಕೊಂಡು ಪರೀಕ್ಷಿಸಿ, ಯಾವುದು ಸರಿ, ಯಾವುದು ತಪ್ಪು ಅಂತ ಬರೆಯತೊಡಗಿದರು. 2016ರ ಫೆಬ್ರುವರಿಯಲ್ಲಿ ಅಂತಹ ಒಂದು ಕೇಬಲ್ ಒಳಗೆ ತಂತಿಗಳನ್ನೇ ಅದಲು ಬದಲು ಜೋಡಿಸಿದ್ದರಿಂದ ಅವರ ಲ್ಯಾಪ್‌ಟಾಪ್ ಕೆಟ್ಟು ಕೂತಿತು. ಮುಂದಿನ ತಿಂಗಳೇ ಅಮೆಜಾನ್, ಒಕ್ಕೂಟದ ನಿಯಮಕ್ಕೆ ಒಪ್ಪದ ಟೈಪ್-ಸಿ ಕೇಬಲ್‌ಗಳನ್ನು ಮಾರಬಾರದು ಅಂತ ನಿಷೇಧಿಸಿತು. ಒಬ್ಬ ಗ್ರಾಹಕ ಪಟ್ಟು ಹಿಡಿದು ಕೇಳಿದರೆ ಎಷ್ಟು ಕೆಲಸ ಆಗುತ್ತೆ ನೋಡಿ.

ಇವನ್ನು ನೋಡಿ ಮರುಳಾಗಬೇಡಿ

ಡಬ್ಬಿ ಮೇಲೆ ಗುರುತುಗಳ ಸಾಲೇ ಇರುತ್ತದೆ. ಎಲ್ಲವೂ ಒಂದೇ ತೂಕದವಲ್ಲ.

* ಸಿಇ ಅನ್ನುವ ಗುರುತು ಯುರೋಪಿನ ಮಾರುಕಟ್ಟೆಗೆ ಸಂಬಂಧಿಸಿದ್ದು. ಇಂತಹ ಸಾಮಾನಿಗೆ ತಯಾರಕರು ತಾವೇ ಘೋಷಿಸಿ ಹಾಕಿಕೊಳ್ಳುವಂಥದ್ದು. ನಮ್ಮ ಆರ್ ನಂಬರ್‌ಗೆ ಅದು ಬದಲಿ ಅಲ್ಲ.

* ಐಎಸ್‌ಒ 9001 ಅಂತಿದ್ದರೆ ಅದು ಕಂಪನಿಯ ಆಡಳಿತ ಕ್ರಮಕ್ಕೆ ಸಿಕ್ಕ ಪ್ರಮಾಣಪತ್ರ. ನಿಮ್ಮ ಕೈಯಲ್ಲಿರುವ ಚಾರ್ಜರ್ ಪಾಸಾಗಿದೆ ಅಂತ ಅರ್ಥವಲ್ಲ.

* '100% ಒರಿಜಿನಲ್', 'ಎಕ್ಸ್‌ಪೋರ್ಟ್ ಕ್ವಾಲಿಟಿ', 'ಸೂಪರ್ ಫಾಸ್ಟ್' ಇವೆಲ್ಲ ಬರೀ ಅಚ್ಚಿನ ಮಾತು.

* ಫೋನಿನ ಹಿಂಬದಿ ಕವರ್, ಪರದೆಗೆ ಅಂಟಿಸುವ ಗಾಜು, ಬರೀ ಕೇಬಲ್ ಇವಕ್ಕೆ ಆರ್ ನಂಬರ್ ಕೇಳಬೇಡಿ. ಕಡ್ಡಾಯ ಪಟ್ಟಿಯಲ್ಲಿ ಇವು ಇಲ್ಲ. ಅಂಗಡಿಯವರ ಜೊತೆ ಸುಮ್ಮನೆ ಜಗಳ ಯಾಕೆ?

ಅಂಗಡಿಯಲ್ಲಿ ಹೀಗೆ ಮಾಡಿ

ಬಂಗಾರ ಕೊಳ್ಳುವಾಗ ಹಾಲ್‌ಮಾರ್ಕ್‌ನ 6 ಅಕ್ಷರ, ಅಂಕಿಗಳ ಗುರುತನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡುವುದನ್ನು ಈಗ ಎಷ್ಟೋ ಮಂದಿ ಕಲಿತಿದ್ದೇವೆ. 2023ರ ಏಪ್ರಿಲ್ 1ರಿಂದ ಆ ಗುರುತು ಕಡ್ಡಾಯವೂ ಆಗಿದೆ. ಚಾರ್ಜರ್ ನಂಬರ್ ನೋಡುವುದೂ ಅದೇ ಆ್ಯಪ್‌ನಲ್ಲಿ, ಅಷ್ಟೇ ಸುಲಭ.

1. ಡಬ್ಬಿಯನ್ನಷ್ಟೇ ನೋಡಬೇಡಿ, ಚಾರ್ಜರ್ ಹೊರತೆಗೆದು ಅದರ ಮೈಮೇಲಿನ ಸಣ್ಣ ಅಕ್ಷರ ನೋಡಿ. ಕಣ್ಣಿಗೆ ಕಾಣದಿದ್ದರೆ ಫೋನಿನ ಕ್ಯಾಮೆರಾದಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಕೊಳ್ಳಿ.

2. ಆ್ಯಪ್‌ನಲ್ಲಿ ಆರ್ ನಂಬರ್ ಪರಿಶೀಲಿಸುವ ಜಾಗ ಇದೆ. ಅಲ್ಲಿ ಅಂಕಿ ಹಾಕಿ. ತಯಾರಕರ ಹೆಸರು, ಬ್ರ್ಯಾಂಡು, ಯಾವ ಸಾಮಾನು, ನೋಂದಣಿ ಇನ್ನೂ ಚಾಲ್ತಿಯಲ್ಲಿದೆಯೇ ಎಲ್ಲ ಬರುತ್ತದೆ.

3. ಬಂದ ವಿವರ ಕೈಯಲ್ಲಿರುವುದಕ್ಕೆ ತಾಳೆಯಾಗಬೇಕು. ಬೇರೆಯವರ ನಂಬರ್ ಕದ್ದು ಅಚ್ಚು ಹಾಕುವವರೂ ಇರುತ್ತಾರೆ. ಚಾರ್ಜರ್ ಮೇಲಿನ ನಂಬರ್ ಹಾಕಿದಾಗ ಬೇರೆ ಯಾವುದೋ ಕಂಪನಿಯ ಪವರ್ ಬ್ಯಾಂಕ್ ಅಂತ ಬಂದರೆ ಅದನ್ನು ಅಲ್ಲೇ ಇಟ್ಟು ಬನ್ನಿ.

4. ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಡಬ್ಬಿ ಮೇಲಿದೆಯೇ ನೋಡಿ.

5. ಬಿಲ್ ಕೇಳಿ. 'ಇಷ್ಟು ಸಣ್ಣದಕ್ಕೆ ಬಿಲ್ ಯಾಕ್ರಿ ಅಕ್ಕಾರ?' ಅಂದರೆ 'ಇರಲಿ ಕೊಡಪ್ಪ' ಅನ್ನಿ. ಬಿಲ್ ಇಲ್ಲದ ದೂರಿಗೆ ಬಲ ಕಡಿಮೆ.

ಆರ್ ನಂಬರ್ ಇರೋದೆಲ್ಲ ದುಬಾರಿ ಅಂತಲೂ ತಿಳಿಯಬೇಡಿ. ಫೋನ್ ಕಂಪನಿಯ ಹೆಸರಿಲ್ಲದ, ನೋಂದಣಿ ಇರುವ ಚಾರ್ಜರ್‌ಗಳು ಸಾಧಾರಣ ಬೆಲೆಗೇ ಸಿಗುತ್ತವೆ. ಜಾತ್ರೆಯ ಮಾಲಿಗಿಂತ ಸ್ವಲ್ಪ ಹೆಚ್ಚಾಗಬಹುದು, ಆ ಹೆಚ್ಚಿನ ದುಡ್ಡು ಹೋಗೋದು ಒಳಗಿನ ಗೋಡೆಗೆ.

ಸಂಘದ ಸಾಲ ತೆಗೆದು ಸಣ್ಣ ಮೊಬೈಲ್ ಅಂಗಡಿ, ಫ್ಯಾನ್ಸಿ ಸ್ಟೋರ್ ಇಟ್ಟಿರುವ ಅಕ್ಕತಂಗಿಯರೂ ಇದನ್ನು ಗಮನಿಸಬೇಕು. ಕಡ್ಡಾಯ ಪಟ್ಟಿಯಲ್ಲಿರುವ ಸಾಮಾನನ್ನು ಗುರುತಿಲ್ಲದೆ ತಯಾರಿಸುವುದಷ್ಟೇ ಅಲ್ಲ, ಮಾರುವುದು, ಮಾರಲು ಇಟ್ಟುಕೊಳ್ಳುವುದು ಕೂಡ 2016ರ ಬಿಐಎಸ್ ಕಾಯ್ದೆಯ ಪ್ರಕಾರ ನಿಷಿದ್ಧ. ಹೋಲ್‌ಸೇಲ್‌ನವರು ಚೀಲಗಟ್ಟಲೆ ಸುರಿದು ಕೊಟ್ಟರು ಅಂತ ತಂದರೆ ನಾಳೆ ಕಷ್ಟ ನಿಮಗೇ. ಅವರ ಹತ್ತಿರ ನಂಬರ್ ಇರುವ ಮಾಲು ಕೇಳಿ, ಬಿಲ್ ತೆಗೆದುಕೊಳ್ಳಿ.

ಮನೆಯಲ್ಲಿ ನಿಮ್ಮದೇ ಜವಾಬ್ದಾರಿ

2023ರ ಆಗಸ್ಟ್‌ನಲ್ಲಿ ಕಾರವಾರ ತಾಲೂಕಿನಿಂದ ಬಂದ ಸುದ್ದಿ ನಿಮಗೆ ನೆನಪಿರಬಹುದು. ಫೋನ್ ತೆಗೆದ ಮೇಲೂ ಸ್ವಿಚ್ ಆರಿಸದೆ ಬಿಟ್ಟಿದ್ದ ಚಾರ್ಜರ್‌ನ ವೈರಿನ ತುದಿಯನ್ನು 8 ತಿಂಗಳ ಕೂಸು ಬಾಯಿಗಿಟ್ಟುಕೊಂಡು ಜೀವ ಕಳೆದುಕೊಂಡಿತು. ಅಂಬೆಗಾಲಿಡುವ ಮಕ್ಕಳಿರುವ ಯಾವ ತಾಯಿಗೂ ಆ ಸುದ್ದಿ ಓದಿ ಆ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ. ಚಾರ್ಜರ್ ಯಾವ ಕಂಪನಿಯದೇ ಇರಲಿ, ಎಷ್ಟೇ ನಂಬರ್ ಇರಲಿ, ಕೆಲವು ನಿಯಮಗಳನ್ನು ಮನೆಮಂದಿಗೆಲ್ಲ ಹೇಳಿಬಿಡಿ.

* ಫೋನ್ ತೆಗೆದ ಕೂಡಲೇ ಸ್ವಿಚ್ ಆರಿಸಿ, ವೈರ್ ಸುತ್ತಿ ಮೇಲಿಡಿ. ವೈರ್ ನೆಲದ ಮೇಲೆ ಜೋತಾಡಬಾರದು.

* ದಿಂಬು, ಹಾಸಿಗೆ, ಕೌದಿ ಕೆಳಗೆ ಫೋನನ್ನಾಗಲಿ ಪವರ್ ಬ್ಯಾಂಕನ್ನಾಗಲಿ ಚಾರ್ಜಿಗೆ ಇಡಬೇಡಿ. ಬಿಸಿ ಹೊರಗೆ ಹೋಗಲು ಜಾಗ ಬೇಕು.

* ಒದ್ದೆ ಕೈಯಲ್ಲಿ, ಅಡುಗೆಮನೆಯ ಸಿಂಕಿನ ಪಕ್ಕದಲ್ಲಿ ಚಾರ್ಜಿಂಗ್ ಬೇಡ.

* ಉಬ್ಬಿದ ಬ್ಯಾಟರಿ, ಸುಟ್ಟ ವಾಸನೆ ಬರುವ ಚಾರ್ಜರ್, ತುದಿಯಲ್ಲಿ ಸಿಪ್ಪೆ ಎದ್ದ ವೈರ್ ಕಂಡರೆ ಟೇಪ್ ಸುತ್ತಿ ಮುಂದುವರಿಸಬೇಡಿ. ಅವತ್ತೇ ಬಿಡಿ.

* ಚಾರ್ಜಿಗೆ ಹಾಕಿಯೇ ಗಂಟೆಗಟ್ಟಲೆ ಮಾತಾಡುವ, ಮಕ್ಕಳ ಕೈಗೆ ಆಟಕ್ಕೆ ಕೊಡುವ ಅಭ್ಯಾಸ ಒಳ್ಳೆಯದಲ್ಲ.

ಮೋಸ ಆದರೆ ಎಲ್ಲಿ ಕೇಳೋದು?

ಗುರುತಿಲ್ಲದ ಅಥವಾ ಸುಳ್ಳು ನಂಬರಿನ ಸಾಮಾನು ಕಂಡರೆ ಅದೇ ಬಿಐಎಸ್ ಕೇರ್ ಆ್ಯಪ್‌ನಲ್ಲಿ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ, ದೋಷವಿರುವ ಸಾಮಾನಿನಿಂದ ಹಾನಿಯಾದರೆ ತಯಾರಕರನ್ನೂ, ಕೆಲವು ಸಂದರ್ಭಗಳಲ್ಲಿ ಮಾರಿದವರನ್ನೂ ಪರಿಹಾರ ಕೇಳುವ ಹಕ್ಕು ನಮಗಿದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಸಾಮಾನಿನ ದೂರಿಗೆ ಶುಲ್ಕವೂ ಇಲ್ಲ. ಆದರೆ ದೂರಿನಲ್ಲಿ ಎದುರಾಳಿಯ ಹೆಸರು ಬರೆಯಬೇಕಲ್ಲ? ಹೆಸರಿಲ್ಲದ ಚಾರ್ಜರ್ ಕೊಂಡರೆ ಯಾರ ಮೇಲೆ ದೂರು ಕೊಡೋಣ?

ಇಷ್ಟು ಓದಿದ ಮೇಲೆ ಒಂದು ಸಣ್ಣ ಕೆಲಸ ಮಾಡಿ. ಇವತ್ತು ಊಟದ ಪಾತ್ರೆ ತೊಳೆದಿಟ್ಟ ಮೇಲೆ ಮನೆಯಲ್ಲಿರುವ ಚಾರ್ಜರ್, ಪವರ್ ಬ್ಯಾಂಕ್ ಎಲ್ಲ ಒಂದು ಕಡೆ ಗುಡ್ಡೆ ಹಾಕಿ. ಮಕ್ಕಳನ್ನು ಕೂರಿಸಿಕೊಳ್ಳಿ, ಸಣ್ಣ ಅಕ್ಷರ ಓದಲು ಅವರ ಕಣ್ಣು ಚುರುಕು. ಒಂದೊಂದರ ನಂಬರ್ ಓದಿಸಿ, ಆ್ಯಪ್‌ನಲ್ಲಿ ಹಾಕಿಸಿ. ನಂಬರ್ ಇಲ್ಲದ್ದನ್ನು, ತಾಳೆಯಾಗದ್ದನ್ನು ಬೇರೆ ತೆಗೆದಿಡಿ. 'ಇನ್ನೂ ಚೆನ್ನಾಗೇ ನಡೀತಿದೆಯಲ್ಲ' ಅಂತ ಮನೆಯವರು ಗೊಣಗಿದರೂ ಅದನ್ನು ಮತ್ತೆ ಗೋಡೆಗೆ ಹಾಕಲು ಬಿಡಬೇಡಿ.